ದುಡ್ಡು ಕೇಳುವುದು ಬಿಟ್ಟ ಮೇಲೆ ಹುಬ್ಬಳ್ಳಿಯಲ್ಲಿ ನಮ್ಮ ಸ್ಟಾರ್ಟಪ್ ಬಳಗ ನಿಂತಿತು

"ಇದೆಲ್ಲಾ ಬೆಂಗಳೂರಾಗ ಮಾಡ್ರಿ ಸರ, ಇಲ್ಲಿ ಯಾರು ಬರ್ತಾರ?" ಅಂತ ನಕ್ಕವರೇ ಈಗ ತಮ್ಮ ಮಕ್ಕಳನ್ನು, ಸಣ್ಣ ಉದ್ಯಮ ಶುರು ಮಾಡುವವರು ತಿಂಗಳಿಗೊಮ್ಮೆ ಕೂಡುವ ನಮ್ಮ ಬಳಗಕ್ಕೆ ಕಳಿಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಹುಬ್ಬಳ್ಳಿಗೆ ಸ್ಟಾರ್ಟಪ್ ಹೊಸದೇನಲ್ಲ. ಉದ್ಯಮಿಗಳಿಗೆ ನೆರವಾಗುವ ದೇಶಪಾಂಡೆ ಫೌಂಡೇಶನ್ ಇದೆ, ಕೆಎಲ್‌ಇ ಟೆಕ್ ವಿಶ್ವವಿದ್ಯಾಲಯದಲ್ಲಿ ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರ ಇದೆ. ನಮ್ಮಲ್ಲಿ ಬರುವವರು ಆ ಬಾಗಿಲು ತಟ್ಟುವುದಕ್ಕೂ ಮುಂಚಿನ ಹಂತದವರು. ಕೆಲಸ ಬಿಟ್ಟು ಊರಿಗೆ ಬಂದವರು, ಗೋಕುಲ ರೋಡಿನಲ್ಲಿ ಸಣ್ಣ ಶೆಡ್ ಹಿಡಿದವರು, ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವ ಅಕ್ಕಂದಿರು.

ಮೊದಲ ವರ್ಷ ದುಡ್ಡು ನೀರಿನಂತೆ ಹೋಯಿತು. ಹೋಟೆಲ್ ಹಾಲ್, ಬ್ಯಾನರ್, ಹೊರಗಿನಿಂದ ಬಂದ ಭಾಷಣಕಾರರ ಕಾರು, ರೂಮು ಎಲ್ಲಾ ಸೇರಿ ಒಂದು ಸಂಜೆಗೆ 35-40 ಸಾವಿರ. ಸ್ಪಾನ್ಸರ್ ಮಾಡುತ್ತೇವೆ ಅಂದ ಒಂದು ಕಂಪನಿ ಬ್ಯಾನರಿನಲ್ಲಿ ಲೋಗೊ ಹಾಕಿಸಿಕೊಂಡಿತು, ಚೆಕ್ ಮಾತ್ರ ಬರಲೇ ಇಲ್ಲ. ಒಂದು ಕಾಲೇಜಿನ ಜೊತೆ ಒಪ್ಪಂದವಾಯಿತು. ಶಾಲು, ಹಾರ, ಪೇಪರಿನಲ್ಲಿ ಫೋಟೊ. ಮುಂದಿನ ತಿಂಗಳು ಸೆಮಿನಾರ್ ಹಾಲಿನ ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಸುಮಾರು 40 ಜನ ವರಾಂಡದಲ್ಲೇ ಮೀಟಿಂಗ್ ಮುಗಿಸಿದೆವು.

ಆಮೇಲೆ ದುಡ್ಡು ಕೇಳುವುದು ಬಿಟ್ಟು, ಯಾರ ಹತ್ತಿರ ಏನು ಖಾಲಿ ಬಿದ್ದಿದೆ, ಅವರಿಗೆ ಏನು ಬೇಕು ಅಂತಷ್ಟೇ ನೋಡತೊಡಗಿದೆವು. ಇನ್ನೊಂದು ಕಾಲೇಜಿನ ಲ್ಯಾಬ್ ಶನಿವಾರ ಸಂಜೆ ಖಾಲಿ. ಅವರ ಹುಡುಗರಿಗೆ ಪ್ರಾಜೆಕ್ಟ್ ಬೇಕು. ಬ್ಯಾಂಕ್ ಮ್ಯಾನೇಜರಿಗೆ ಮಾರ್ಚ್ ಒಳಗೆ ಸಣ್ಣ ಉದ್ಯಮದ ಸಾಲದ ಗುರಿ ಮುಟ್ಟಬೇಕು. ಲೆಕ್ಕಪತ್ರ ನೋಡುವ ಸಿಎಗೆ ಗಿರಾಕಿ ಬೇಕು. ಒಪ್ಪಂದ ಪತ್ರ ಯಾರ ಜೊತೆಗೂ ಇಲ್ಲ. ಲ್ಯಾಬ್ ನೋಡಿಕೊಳ್ಳುವವರ ಫೋನ್ ನಂಬರ್ ಇದ್ದರೆ ಸಾಕು.

ಸಿಎ ಕೂತ ಮೊದಲ ಸಂಜೆಯೇ ಗಲಾಟೆ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ, ಸ್ಟಾರ್ಟಪ್ ಅಂತ ಮಾನ್ಯತೆ ಕೊಡುವ ಸ್ಟಾರ್ಟಪ್ ಇಂಡಿಯಾ ಸರ್ಟಿಫಿಕೇಟಿಗೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನಮ್ಮವರು ಏಜೆಂಟರಿಗೆ ನಾಲ್ಕೈದು ಸಾವಿರ ಕೊಟ್ಟು ಬಂದಿದ್ದರು. ಅದರಲ್ಲೂ ಒಬ್ಬರದು ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರೇ ಮಾಲೀಕರಾಗಿ ನಡೆಸುವ ವ್ಯವಹಾರ. ಅದಕ್ಕೆ ಸ್ಟಾರ್ಟಪ್ ಮಾನ್ಯತೆ ಸಿಗುವುದೇ ಇಲ್ಲವಲ್ಲ!

ದಿನ ಕೂಡಿಸುವುದೇ ದೊಡ್ಡ ತಲೆನೋವು. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಆದರೆ ವರ್ಕ್‌ಶಾಪ್ ಮಾಲೀಕರಿಗೆ ಶನಿವಾರ ಸಂಜೆ ಬಟವಡೆ. ರವಿವಾರ ಇಟ್ಟರೆ ಮದುವೆ, ಸೀಮಂತ. ಕೊನೆಗೆ ನಾಲ್ಕನೇ ಶನಿವಾರ ಸಂಜೆ 7ಕ್ಕೆ ನಿಂತಿತು, ಬಟವಡೆ ಮುಗಿದ ಮೇಲೆ.

ನಿಜವಾದ ಲಾಭ ಆಗಿದ್ದು ಈ ವರ್ಕ್‌ಶಾಪಿನವರಿಂದ. ವಾಲ್ವ್ ತಯಾರಿಕೆಗೆ ಹೆಸರಾದ ಊರು ನಮ್ಮದು, ಲೇತ್ ಕೆಲಸ ಬಲ್ಲ ಹಿರಿಯರಿಗೆ ಬರವಿಲ್ಲ. ಒಬ್ಬ ಹುಡುಗ ಜೋಳದ ರೊಟ್ಟಿ ಯಂತ್ರ ತಂದಿದ್ದ. ತಿಂಗಳಿಗೊಮ್ಮೆ ಬೇರಿಂಗ್ ಹಿಡಿದುಕೊಳ್ಳುತ್ತಿತ್ತು. ಒಬ್ಬ ಕಾಕಾ ಕನ್ನಡಕ ಮೇಲೇರಿಸಿ, ಬೆರಳಲ್ಲಿ ಗ್ರೀಸ್ ತೆಗೆದು ತಿಕ್ಕಿ ನೋಡಿದರು. ಹಿಟ್ಟು ಸೇರಿ ಕಣಕದಂತಾಗಿತ್ತು. "ತಮ್ಮಾ, ಹಂಚಿನ ಬಾಜೂಕ ಬೇರಿಂಗ್ ಯಾಕ ಇಟ್ಟಿ? ಗನ್‌ಮೆಟಲ್ ಬುಶ್ ಹಾಕು." ಬುಶ್ ಅಂದರೆ ಬೇರಿಂಗ್ ಬದಲು ಕೂರಿಸುವ ಲೋಹದ ಬಳೆ. ಖರ್ಚು ಏಳೆಂಟು ನೂರು. ಅವನು ಅದಕ್ಕೆ ಮುಂಚೆ ಬೇರಿಂಗಿಗೇ ಹತ್ತಿರ ಹತ್ತಿರ 15 ಸಾವಿರ ಸುರಿದಿದ್ದ. ಇಂಥ ಕಾಕಾಗಳನ್ನು ಮೀಟಿಂಗಿಗೆ ಕರೆತರುವುದು ಹೇಗೆ ಅಂತ ಬೇರೆ ಊರಿನವರು ಕೇಳುತ್ತಾರೆ. ಅದೊಂದನ್ನು ಇಲ್ಲಿ ಹೇಳುವುದಿಲ್ಲ.

ಪೆಟ್ಟು ಬಿದ್ದಿದ್ದು ವರ್ಗಾವಣೆಯಿಂದ. ಮ್ಯಾನೇಜರ್ ಬೇರೆ ಊರಿಗೆ ಹೋದರು, ಹೊಸಬರು ನಮ್ಮ ಫೋನ್ ಎತ್ತಲಿಲ್ಲ. ಅರ್ಧಕ್ಕೆ ಬಂದಿದ್ದ ಐದಾರು ಸಾಲದ ಅರ್ಜಿ ಹಾಗೇ ಕೂತವು. ಈಗ ಯಾವ ಸಂಸ್ಥೆಯಲ್ಲೂ ಇಬ್ಬರ ಪರಿಚಯ ಇಟ್ಟುಕೊಳ್ಳುತ್ತೇವೆ. ಅವರಲ್ಲಿ ಒಬ್ಬರು ಸ್ಥಳೀಯರೇ ಆಗಿರಬೇಕು.

ನಡುವೆ ಸುಮ್ನೆ ಧಾರವಾಡದಲ್ಲೂ ಒಂದು ಪ್ರಯೋಗ ಮಾಡಿದೆವು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಇಪ್ಪತ್ತೇ ಕಿಲೋಮೀಟರ್, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಇದೆ. ಧಾರವಾಡದವರು ಇಲ್ಲಿಗೆ ಬಂದರು, ನಮ್ಮವರು ಅಲ್ಲಿಗೆ ಹೋಗಲಿಲ್ಲ. ಈಗ ಅಲ್ಲಿಯದು ಬೇರೆ ಗುಂಪು. ಕೃಷಿ ವಿಶ್ವವಿದ್ಯಾಲಯ ಇರುವ ಊರಾದ್ದರಿಂದ ಬೀಜ, ಸಿರಿಧಾನ್ಯದ ಹುಡುಗರು ಅಲ್ಲಿ ಜಾಸ್ತಿ. ನಮಗಿಂತ ಚೆನ್ನಾಗಿಯೇ ನಡೆಸುತ್ತಿದ್ದಾರೆ.

ಈಗ ಒಂದು ಸಂಜೆಯ ಖರ್ಚು ಮೂರೂವರೆ ಸಾವಿರದ ಆಸುಪಾಸು. ಗಿರಮಿಟ್, ಮಿರ್ಚಿ, ಚಹಾ, ವಾಚ್‌ಮನ್‌ಗೆ ಒಂದಿಷ್ಟು. ಬಂದವರು ತಲಾ ನೂರು ಡಬ್ಬಿಗೆ ಹಾಕುತ್ತಾರೆ, ವಿದ್ಯಾರ್ಥಿಗಳಿಗೆ ಬಿಟ್ಟಿ. ಉಳಿದ ದುಡ್ಡಿನಲ್ಲಿ ಹೋದ ವರ್ಷ ಒಂದು ಹಳೆ ಪ್ಯಾಕಿಂಗ್ ಮೆಷಿನ್ ಕೊಂಡೆವು. ಚಟ್ನಿಪುಡಿ ಅಕ್ಕಂದಿರು ಪಾಳಿ ಹಚ್ಚಿ ಬಳಸುತ್ತಿದ್ದಾರೆ, ರಿಪೇರಿ ಖರ್ಚು ಅವರದೇ.