ಜನ ನಿಂತು ಕೇಳುವ ಜಾಗದಲ್ಲೇ ಬೋರ್ಡು

ಒಂದು ಜಿಲ್ಲಾ ಆಸ್ಪತ್ರೆಗೆ ದಾರಿ ತೋರಿಸುವ ಬೋರ್ಡು ಮಾಡಿಕೊಡುವ ಕೆಲಸ ಬಂತು. ಅಲ್ಲಿ ಬೋರ್ಡಿಗೇನೂ ಬರವಿರಲಿಲ್ಲ, ಗೋಡೆ ತುಂಬ ಇದ್ದವು. ಆದರೂ ಜನ ಕೇಳುತ್ತಿದ್ದದ್ದು ಸೆಕ್ಯೂರಿಟಿಯವರನ್ನೇ.

ಹಾಗಾಗಿ ಮೊದಲು ಅವರ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತೆ. ಯಾರು ಎಲ್ಲಿ ನಿಂತು ಏನು ಕೇಳುತ್ತಾರೆ ಎಂದು ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದೆ. ಚೀಟಿ ಕೌಂಟರ್ ದಾಟಿದ ಕೂಡಲೇ ಒಂದಷ್ಟು ಗುರುತು. ಅದಕ್ಕಿಂತ ಜಾಸ್ತಿ ಲ್ಯಾಬಿನಿಂದ ಹೊರಬರುವ ತಿರುವಿನಲ್ಲಿ! ರಿಪೋರ್ಟ್ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಬೇಕಲ್ವಾ? ಆ ವಾಪಸ್ ದಾರಿಗೆ ಒಂದು ಬೋರ್ಡೂ ಇರಲಿಲ್ಲ. ಇದ್ದವೂ ಗೋಡೆಗೆ ಅಂಟಿಕೊಂಡಿದ್ದವು. ಕಾರಿಡಾರಿನಲ್ಲಿ ನಡೆಯುವವರು ಮುಂದೆ ನೋಡುತ್ತಾರೆ, ಪಕ್ಕಕ್ಕಲ್ಲ. ಅದಕ್ಕೇ ದಾರಿಗೆ ಅಡ್ಡವಾಗಿ, ಸೂರಿನಿಂದ ತೂಗುಹಾಕಿಸಿದೆ.

ತಲೆ ತಿಂದದ್ದು ಅಕ್ಷರದ ಅಳತೆ. 10 ಅಡಿ ದೂರಕ್ಕೆ 1 ಇಂಚು ಅಕ್ಷರ ಎನ್ನುವುದು ನಮ್ಮ ಕಸುಬಿನ ಹಳೇ ಲೆಕ್ಕ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಸರಿ. ‘ಸ್ತ್ರೀರೋಗ’ ಎಂದು ಬರೆದು ನೋಡಿ. ‘ಸ’ ಕೆಳಗೆ ತ ಒತ್ತು, ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಷ್ಟನ್ನೂ 1 ಇಂಚಿನೊಳಗೆ ತುರುಕಿದರೆ ‘ಸ’ ಪುಟಾಣಿಯಾಗುತ್ತದೆ. ನಾನು ಒತ್ತು, ಗುಡಿಸು ಬಿಟ್ಟು ಮೂಲ ಅಕ್ಷರವನ್ನಷ್ಟೇ ಅಳೆದೆ. 30 ಅಡಿಯಿಂದ ಓದಬೇಕಾದರೆ ‘ಗ’ ಒಂದೇ 3 ಇಂಚು ಎತ್ತರ. ಒತ್ತು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆಯೂ ಜಾಗ ಬಿಟ್ಟೆ. ಬೋರ್ಡು ದೊಡ್ಡದಾಯಿತು, ಖರ್ಚೂ ಏರಿತು. ಒಂದು ಬೋರ್ಡಿನಲ್ಲಿ ನಾಲ್ಕು ಹೆಸರಿಗಿಂತ ಜಾಸ್ತಿ ಬೇಡ ಎಂದು ಹಟ ಹಿಡಿಯಬೇಕಾಯಿತು. ಎಲ್ಲ ವಿಭಾಗದವರಿಗೂ ತಮ್ಮ ಹೆಸರು ಬಾಗಿಲಲ್ಲೇ ಕಾಣಬೇಕು, ಏನು ಮಾಡೋದು!

ಮೇಲ್ಮುಖ ಬಾಣ ನೋಡಿದರೆ ಕೆಲವರು ‘ನೇರ ಹೋಗಿ’ ಎಂದುಕೊಳ್ಳುತ್ತಾರೆ, ಕೆಲವರು ಮೆಟ್ಟಿಲು ಹತ್ತುತ್ತಾರೆ. ಮಹಡಿಗೆ ಹೋಗುವಲ್ಲಿ ಬಾಣದ ಜೊತೆ ಮೆಟ್ಟಿಲಿನ ಚಿತ್ರ ಹಾಕಿದೆ. ಓದಲು ಬಾರದವರಿಗೆ ನಂಬರೇ ಆಸರೆ. ಬಾಗಿಲ ಮೇಲೆ ಕೊಠಡಿ ನಂಬರ್ ದೊಡ್ಡದಾಗಿ ಬಂತು, ಚೀಟಿಯಲ್ಲೂ ಅದೇ ನಂಬರ್ ಬರೆದುಕೊಡುವಂತೆ ಕೌಂಟರಿನವರನ್ನು ಒಪ್ಪಿಸಿದೆ. ಹೊಳಪಿನ ಶೀಟ್ ಬೇಡವೇ ಬೇಡ ಎಂದಿದ್ದೆ. ಟ್ಯೂಬ್‌ಲೈಟಿನ ಬೆಳಕು ಬಿದ್ದರೆ ಅಕ್ಷರವೇ ಕಾಣುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಠಡಿ ಬದಲಾಗುತ್ತಲೇ ಇರುತ್ತದೆ. ಬದಲಾದಾಗ ಬೋರ್ಡಿನ ಮೇಲೆ ಬಿಳಿ ಹಾಳೆ ಅಂಟಿಸುತ್ತಾರೆ. ಅದಕ್ಕೆ ಪ್ರತಿ ಹೆಸರನ್ನೂ ಬೇರೆ ಪಟ್ಟಿಯಾಗಿ ಮಾಡಿ, ಚೌಕಟ್ಟಿನಲ್ಲಿ ಜಾರಿಸಿ ತೆಗೆಯುವಂತಿಟ್ಟೆ. ಖಾಲಿ ಪಟ್ಟಿ ಸ್ಟೋರಿನಲ್ಲಿವೆ, ಅಕ್ಷರ ಊರಿನ ಸ್ಟಿಕರ್ ಅಂಗಡಿಯಲ್ಲೇ ಕಟ್ ಮಾಡಿಸಬಹುದು.