ಮೂರು ಗಡಿ ಸೇರುವ ತುದಿಗೆ ಒಬ್ಬರೇ ಹೋಗುವುದಾದರೆ

ಹತ್ತುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಥ ಬೆಟ್ಟಗಳಲ್ಲಿ ಎಡವಟ್ಟಾಗುವುದು ಇಳಿಯುವಾಗ.

ಬೆಟ್ಟದ ಮೇಲೆ ಗಡಿ ಗುರುತಿಸುವಾಗ ಸಾಮಾನ್ಯವಾಗಿ ಏಣಿನ ಮೇಲೇ, ಅಂದರೆ ಬೆಟ್ಟದ ಉದ್ದನೆಯ ಬೆನ್ನಿನ ಮೇಲೇ, ಗೆರೆ ಎಳೆಯುತ್ತಾರೆ. ಮಳೆನೀರು ಈ ಕಡೆ ಹರಿದರೆ ನಮ್ಮದು, ಆ ಕಡೆ ಹರಿದರೆ ನಿಮ್ಮದು, ಅಷ್ಟೇ ಲೆಕ್ಕ. ಹಾಗಾಗಿ ಮೂರು ಗಡಿ ಒಂದು ತುದಿಯಲ್ಲಿ ಸೇರುತ್ತವೆ ಅಂದರೆ ಹೆಚ್ಚುಕಮ್ಮಿ ಮೂರು ಏಣುಗಳು ಅಲ್ಲಿ ಸೇರುತ್ತವೆ ಅಂತಲೇ ಅರ್ಥ. ಜಪಾನಿನ 2475 ಮೀಟರ್ ಎತ್ತರದ ಕೊಬುಶಿ ಬೆಟ್ಟವನ್ನೇ ನೋಡಿ. ಸೈತಾಮ, ಯಾಮಾನಾಶಿ, ನಾಗಾನೊ ಮೂರೂ ಪ್ರಾಂತ್ಯಗಳು ಅದರ ನೆತ್ತಿಯಲ್ಲಿ ಸೇರುತ್ತವೆ. ನಾಗಾನೊ ಕಡೆ ಬಿದ್ದ ಮಳೆ ಚಿಕುಮಾ ನದಿ ಸೇರಿ ಜಪಾನ್ ಸಮುದ್ರಕ್ಕೆ ಹೋಗುತ್ತದೆ, ಉಳಿದೆರಡು ಕಡೆಯದು ಪೆಸಿಫಿಕ್ ಪಾಲು.

ಹತ್ತುವಾಗ ಏಣುಗಳು ಹತ್ತಿರ ಹತ್ತಿರ ಬರುತ್ತವೆ, ಸ್ವಲ್ಪ ಆಚೀಚೆ ಆದರೂ ಕೊನೆಗೆ ತುದಿಗೇ ಬಂದು ಮುಟ್ಟುತ್ತೀರಿ. ಇಳಿಯುವಾಗ ಉಲ್ಟಾ. ಮೊದಲ ನೂರು ಹೆಜ್ಜೆ ಮೂರೂ ಒಂದೇ ಥರ ಕಾಣುತ್ತವೆ, ಒಂದು ಗಂಟೆ ಬಿಟ್ಟು ನೋಡಿದರೆ ನಿಮಗೂ ನಿಮ್ಮ ದಾರಿಗೂ ನಡುವೆ ಒಂದು ಇಡೀ ಕಣಿವೆ ಇರುತ್ತದೆ.

ನಾನೂ ಒಮ್ಮೆ ಹೀಗೇ ಮಾಡಿಕೊಂಡೆ. ತುದಿಯಲ್ಲಿ ಸೊಂಟದೆತ್ತರದ ಗಡಿಕಲ್ಲು, ಮೂರು ಮುಖ, ಒಂದೊಂದು ಮುಖಕ್ಕೂ ಒಂದೊಂದು ಅಕ್ಷರ. ಮಂಜು ಕವಿದಿತ್ತು. ಮೂರೂ ಮುಖದ ಫೋಟೋ ಬೇಕಲ್ವಾ ಅಂತ ಕಲ್ಲಿಗೆ ಎರಡು ಸುತ್ತು ಹಾಕಿ, ಬ್ಯಾಗು ಹೆಗಲಿಗೇರಿಸಿ ಸುಮ್ನೆ ಎದುರಿಗೆ ಕಂಡ ಕಾಲುದಾರಿ ಹಿಡಿದೆ. ಬೆಳಗ್ಗೆ ಹತ್ತುವಾಗ ಗಾಳಿ ಬೆನ್ನಿಗೆ ಬೀಸುತ್ತಿತ್ತು, ಅಂದರೆ ಇಳಿಯುವಾಗ ಮುಖಕ್ಕೆ ಬೀಸಬೇಕು. ಇಪ್ಪತ್ತು ನಿಮಿಷ ಆದ ಮೇಲೆ ನೋಡುತ್ತೇನೆ, ಎಡಗಿವಿಗೆ ಬೀಸುತ್ತಿದೆ! ಗಾಳಿಯನ್ನು ಪೂರ್ತಿ ನಂಬುವಂತಿಲ್ಲ ನಿಜ, ಆದರೆ ಅವತ್ತು ಅದರಿಂದಲೇ ಅನುಮಾನ ಬಂದು ಮ್ಯಾಪ್ ತೆಗೆದೆ. ಮತ್ತೆ ತುದಿವರೆಗೆ ಹತ್ತಿದೆ, ಬೈದುಕೊಂಡು.

ಈಗ ಕಲ್ಲು ಮುಟ್ಟುವ ಮೊದಲೇ ಬ್ಯಾಗು ಕೆಳಗಿಡುತ್ತೇನೆ. ಅದರ ಪಕ್ಕದಲ್ಲಿ ಕೋಲು ಮಲಗಿಸುತ್ತೇನೆ, ಚೂಪು ತುದಿ ನಾನು ಬಂದ ದಾರಿ ಕಡೆಗೆ. ಆಮೇಲೆ ಎಷ್ಟು ಸುತ್ತು ಬೇಕಾದರೂ ಹಾಕಿ. ಹತ್ತುವಾಗ ದಾರಿ ಕವಲೊಡೆದಲ್ಲೆಲ್ಲ ಹಿಂದಿರುಗಿ ಒಂದು ಫೋಟೋ ತೆಗೆಯಿರಿ, ಇಳಿಯುವಾಗ ಕಾಣುವುದು ಆ ನೋಟವೇ ಹೊರತು ಹತ್ತುವಾಗ ಕಂಡದ್ದಲ್ಲ. ಇಳಿಯುವ ಏಣು ಯಾವ ದಿಕ್ಕಿಗೆ ಹೋಗುತ್ತದೆ ಅಂತ ಮನೆಯಲ್ಲೇ ಮ್ಯಾಪ್ ನೋಡಿ ಡಿಗ್ರಿ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ, ಹೊರಡುವ ಮುಂಚೆ ದಿಕ್ಸೂಚಿಯಲ್ಲಿ ತಾಳೆ ನೋಡಿ.

ಆಫ್‌ಲೈನ್ ಮ್ಯಾಪ್‌ನಲ್ಲೂ ಒಂದು ಕಿರಿಕಿರಿ ಇದೆ. ಹಲವು ಆ್ಯಪ್‌ಗಳು ಪ್ರಾಂತ್ಯವಾರು ಡೌನ್‌ಲೋಡ್ ಕೊಡುತ್ತವೆ, ಒಂದೇ ಇಳಿಸಿಕೊಂಡರೆ ಗಡಿ ಆಚೆ ಖಾಲಿ ಖಾಲಿ. ಮೂರನ್ನೂ ಇಳಿಸಿಕೊಳ್ಳಿ. ದಾರಿ ತಪ್ಪಿದಾಗ ಬೇಕಾಗುವುದು ಆಚೆ ಕಡೆಯ ಮ್ಯಾಪೇ ತಾನೇ?

ಅನುಮತಿಯೂ ಹಾಗೇ, ಒಂದು ಕಡೆಯದು ಇನ್ನೊಂದು ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ದೇಶಗಳ ಗಡಿ ಆದರೆ ಇನ್ನೂ ಹುಷಾರು. ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾ ಸೇರುವ 1508 ಮೀಟರಿನ ಪೆಚ್ ಬೆಟ್ಟದಲ್ಲಿ ಮೂರೂ ಷೆಂಗೆನ್ ದೇಶಗಳು, ಅಂದರೆ ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಹೋಗಲು ಒಪ್ಪಂದ ಮಾಡಿಕೊಂಡವು. ಪೋಲೆಂಡ್, ಸ್ಲೊವಾಕಿಯಾ, ಉಕ್ರೇನ್ ಸೇರುವ 1221 ಮೀಟರಿನ ಕ್ರೆಮೆನೆಟ್ಸ್‌ನಲ್ಲಿ ಹಾಗಲ್ಲ, ಉಕ್ರೇನ್ ಕಡೆಗೆ ಕಾಲಿಡುವಂತಿಲ್ಲ.

ಎಷ್ಟು ಸಮಯ ಬೇಕು ಅನ್ನುವುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಸಾಕು: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿ.ಮೀ. ದೂರ, 900 ಮೀಟರ್ ಏರು ಅಂದರೆ 2 ಗಂಟೆ 42 ನಿಮಿಷ. ಇದರಲ್ಲಿ ಕೂತು ನೀರು ಕುಡಿದ ಹೊತ್ತು ಸೇರಿಲ್ಲ, ಅದಕ್ಕೆ ನಾನು ಮೂರನೇ ಒಂದು ಭಾಗ ಸೇರಿಸಿಕೊಳ್ಳುತ್ತೇನೆ. ಇಷ್ಟು ಹೊತ್ತಿಗೆ ತುದಿ ಮುಟ್ಟದಿದ್ದರೆ ವಾಪಸ್ ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಗಡಿಕಲ್ಲು ಐವತ್ತು ಮೀಟರ್ ಮೇಲೆ ಕಾಣುತ್ತಿರುವಾಗ ತಿರುಗುವುದು ಹೊಟ್ಟೆ ಉರಿಸುತ್ತದೆ, ಆದರೂ ತಿರುಗಿ. ಕೈಗೊಂದು ಸಾದಾ ವಾಚ್ ಇರಲಿ, ಯಾಕೆಂದರೆ ಗಡಿಯಾಚೆಯ ಟವರ್ ಹಿಡಿದರೆ, ಅಲ್ಲಿ ಬೇರೆ ಸಮಯ ನಡೆಯುತ್ತಿದ್ದರೆ, ಫೋನಿನ ಗಡಿಯಾರ ಒಂದು ಗಂಟೆ ಹಿಂದೆಮುಂದೆ ಆಗಿಬಿಡಬಹುದು.

ಹೆಡ್‌ಲ್ಯಾಂಪ್, ಪವರ್‌ಬ್ಯಾಂಕ್, ಬೆಚ್ಚನೆ ಅಂಗಿ ಹೇಳಬೇಕಾಗಿಲ್ಲ. ಸೀಟಿ ಮಾತ್ರ ಮರೆಯಬೇಡಿ: ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಭಾರತದಲ್ಲೂ ಯುರೋಪಿಯನ್ ಒಕ್ಕೂಟದಲ್ಲೂ ತುರ್ತು ನಂಬರ್ 112. ಕರೆ ಗಡಿಯಾಚೆಯವರಿಗೆ ಹೋಗಿರಬಹುದು, ಅದಕ್ಕೇ ಬೆಟ್ಟದ ಹೆಸರಿನ ಜೊತೆ ಯಾವ ಕಡೆ ಇದ್ದೀರಿ ಅಂತ ಮೊದಲು ಹೇಳಿ, ಆಮೇಲೆ ಜಿಪಿಎಸ್ ಅಂಕಿ ಓದಿ.

ಹೊರಡುವ ಮುಂಚೆ ಒಬ್ಬರ ಕೈಗೆ ಚೀಟಿ ಕೊಡಿ: ಯಾವ ಕಡೆಯಿಂದ ಹತ್ತುತ್ತೇನೆ, ಯಾವ ಕಡೆ ಇಳಿಯುತ್ತೇನೆ, ಎಷ್ಟು ಗಂಟೆವರೆಗೆ ಕಾಯಬೇಕು, ಆಮೇಲೆ ಯಾವ ಪ್ರಾಂತ್ಯದ ಪೊಲೀಸರಿಗೆ ಫೋನ್ ಮಾಡಬೇಕು. ಕೆಳಗೆ ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಕರೆ ಅವರಿಗೆ, ಫೋಟೋ ಆಮೇಲೆ ಹಾಕಿದರಾಯಿತು.