ನುಗ್ಗೆ ಸೊಪ್ಪಿನಿಂದ ರಕ್ತ ಏರುತ್ತದಾ? ಇಲಿಗಳಲ್ಲಿ ಮಾಡಿ ನೋಡಿದ ನನ್ನ ಅನುಭವ

ರಕ್ತಹೀನತೆಗೆ ನುಗ್ಗೆ ಸೊಪ್ಪನ್ನು ಪರೀಕ್ಷಿಸಲು ಹೊರಟಾಗ ಜೊತೆಯವರೆಲ್ಲ ಹೇಳಿದ್ದು ಒಂದೇ ಮಾತು: "ಕೆಂಪು ರಕ್ತಕಣ ಒಡೆಯುವ ಫಿನೈಲ್‌ಹೈಡ್ರಜೀನ್ ಚುಚ್ಚಿ, ಎರಡು ವಾರದಲ್ಲಿ ಮುಗಿಸಿ. ಕಬ್ಬಿಣ ಇಲ್ಲದ ಆಹಾರ ಅಂತ ಹೋದರೆ ದುಡ್ಡೂ ಹೋಗುತ್ತೆ, ಕೆಲಸವೂ ಮುಗಿಯಲ್ಲ." ದುಡ್ಡು ಹೋಯಿತು, ಆದರೆ ಕೆಲಸ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಫಿನೈಲ್‌ಹೈಡ್ರಜೀನ್ ಬಳಸಿ ನೋಡಿಯೇ ಕೈಬಿಟ್ಟಿದ್ದು. ಹಿಮೋಗ್ಲೋಬಿನ್ ಬೇಗ ಇಳಿಯುತ್ತದೆ, ನಿಜ. ಆದರೆ ಏನೂ ಕೊಡದ ಇಲಿಗಳೂ ಎರಡು ವಾರದಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತವೆ. ಕೆಂಪು ಕಣ ಒಡೆದರೂ ಅದರ ಕಬ್ಬಿಣ ಮೈಯಲ್ಲೇ ಉಳಿಯುತ್ತದಲ್ವಾ? ಅಂಥ ಇಲಿಗೆ ಸೊಪ್ಪು ತಿನ್ನಿಸಿ ರಕ್ತ ಏರಿತು ಅಂದರೆ ಯಾರು ನಂಬಬೇಕು? ಮೇಲಿಂದ ಹೈನ್ಜ್ ಬಾಡಿಗಳ (ಕೆಂಪು ಕಣದೊಳಗೆ ಕೆಟ್ಟು ಗಂಟುಕಟ್ಟಿದ ಹಿಮೋಗ್ಲೋಬಿನ್) ಕಾಟ. ಹಿಮೋಗ್ಲೋಬಿನ್ ಅಳೆಯುವ ಡ್ರಾಬ್ಕಿನ್ ದ್ರಾವಣ ಮಬ್ಬಾಗಿ, 540 ನ್ಯಾನೊಮೀಟರ್‌ನಲ್ಲಿ ಸುಮ್ನೆ ಜಾಸ್ತಿ ರೀಡಿಂಗ್ ಬರುತ್ತಿತ್ತು. ಸೆಂಟ್ರಿಫ್ಯೂಜ್ ಮಾಡಿ ಓದಿದರೆ ಕೆಲವು ಟ್ಯೂಬ್‌ಗಳಲ್ಲಿ ಹಿಮೋಗ್ಲೋಬಿನ್ ಲೆಕ್ಕ 100 ಮಿಲಿಲೀಟರ್ ರಕ್ತಕ್ಕೆ 1 ಗ್ರಾಂನಷ್ಟು ಕಡಿಮೆಯಾಯಿತು.

ಹಾಗಾಗಿ ತಾಯಿ ಹಾಲು ಬಿಟ್ಟ ಮರಿಗಳಿಗೆ ಎಐಎನ್-93ಜಿ (ಬೆಳೆಯುವ ಇಲಿಗಳ ಪ್ರಮಾಣಿತ) ಆಹಾರ, ಕಬ್ಬಿಣ ತೆಗೆದ ಖನಿಜ ಮಿಶ್ರಣದ ಜೊತೆ. ಅನುದಾನದ ಅರ್ಧ ನುಂಗಿದ್ದು ಈ ಮಿಶ್ರಣ ಮತ್ತು ಕೇಸಿನ್ (ಹಾಲಿನ ಪ್ರೋಟೀನ್). ಇಷ್ಟಾದರೂ ಮೊದಲ ತಂಡದಲ್ಲಿ ಹಿಮೋಗ್ಲೋಬಿನ್ 10 ಗ್ರಾಂಗಿಂತ ಕೆಳಗೆ ಇಳಿಯಲೇ ಇಲ್ಲ. ಆಹಾರ ಪರೀಕ್ಷಿಸಿದೆವು, ಸರಿಯಿತ್ತು. ನೀರೂ ಸರಿಯಿತ್ತು. ಒಂದು ಸಂಜೆ ಪಂಜರದ ಮುಂದೆ ಕೂತು ನೋಡಿದೆ. ಸರಳಿನ ಬೆಸುಗೆಯ ಹತ್ತಿರ ತುಕ್ಕು ಹಿಡಿದ ಜಾಗವನ್ನೇ ಹುಡುಕಿ ಕಡಿಯುತ್ತಿವೆ! ಆ ಜಾಗ ಮಾತ್ರ ಹೊಳೆಯುತ್ತಿತ್ತು. ಪ್ಲಾಸ್ಟಿಕ್ ಪಂಜರ, ಸ್ಟೇನ್‌ಲೆಸ್ ಜಾಲರಿ, ಅಯಾನು ತೆಗೆದ ನೀರು ಎಲ್ಲ ಹೊಸದಾಗಿ ಬಂತು. ಹಾಸಿಗೆಯ ಹೊಟ್ಟನ್ನೂ ತೆಗೆದೆ. ನಾಲ್ಕು ವಾರಕ್ಕೆ 6.5ರ ಆಸುಪಾಸಿಗೆ ಬಂದವು. ಕಿವಿ, ಪಾದ ಬಿಳಿಚಿಕೊಂಡಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಸೊಪ್ಪಿನ ಕಡೆ ಬರೋಣ. ತೊಳೆಯದ ಎಲೆಯಲ್ಲಿ ಕಬ್ಬಿಣ ಸಿಕ್ಕಾಪಟ್ಟೆ ಬರುತ್ತದೆ. ಅದರಲ್ಲಿ ಪಾಲು ಧೂಳಿನದು. ಮಿಕ್ಸರ್ ಬ್ಲೇಡೂ ಸ್ವಲ್ಪ ಸೇರಿಸುತ್ತದೆ. ಚೆನ್ನಾಗಿ ತೊಳೆದು, ನೆರಳಲ್ಲಿ ಒಣಗಿಸಿ, ಪಿಂಗಾಣಿ ಖಲ್ಬತ್ತಿನಲ್ಲಿ ಅರೆದಾಗ 100 ಗ್ರಾಂ ಪುಡಿಗೆ 20 ಮಿಲಿಗ್ರಾಂ ಹತ್ತಿರ ಸಿಕ್ಕಿತು. ಕೆಜಿ ಆಹಾರಕ್ಕೆ ಕಬ್ಬಿಣ 35 ಮಿಲಿಗ್ರಾಂ ಆಗಬೇಕಾದರೆ ಪುಡಿ 175 ಗ್ರಾಂ ಬೇಕು. ಅಷ್ಟು ಹಾಕಿದರೆ ಇಲಿ ಮೂಸಿ ನೋಡಿ ಪಕ್ಕಕ್ಕೆ ತಳ್ಳುತ್ತದೆ. ತಿನ್ನುವಂತೆ ಮಾಡಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪುಡಿಯ ಪ್ರೋಟೀನ್ ಲೆಕ್ಕ ಹಾಕಿ ಕೇಸಿನ್ ಕಡಿಮೆ ಮಾಡುವುದನ್ನು ಮಾತ್ರ ಮರೆಯಬೇಡಿ.

ಎರಡು ವಾರದ ನಂತರ: ಫೆರಸ್ ಸಲ್ಫೇಟ್ (ಕಬ್ಬಿಣದ ಮಾತ್ರೆಗಳಲ್ಲಿರುವ ಲವಣ) ಕೊಟ್ಟ ಗುಂಪು 11ರ ಹತ್ತಿರ, ಸೊಪ್ಪಿನ ಗುಂಪು 9ರ ಮೇಲೆ, ಕಬ್ಬಿಣ ಇಲ್ಲದ ಗುಂಪು ಇದ್ದಲ್ಲೇ. ಈ ಕೊನೆಯ ಗುಂಪು ಅಲುಗಾಡದೆ ನಿಂತಿತಲ್ಲ, ನನಗೆ ಹೆಮ್ಮೆ ಅದರದ್ದೇ. ಇಬ್ಬರು ಹಿರಿಯರು ಆ ಗ್ರಾಫ್ ನೋಡಿ ಆಹಾರ ಮಾಡುವ ವಿಧಾನ ಕೇಳಿಕೊಂಡು ಹೋದರು.

ಬರೀ ಹಿಮೋಗ್ಲೋಬಿನ್ ಮಟ್ಟ ನೋಡಿದರೆ ಸಾಲದು. ಬೆಳೆಯುವ ಇಲಿಯಲ್ಲಿ ರಕ್ತದ ಪ್ರಮಾಣವೂ ಬೆಳೆಯುತ್ತದೆ. ರಕ್ತ ದೇಹತೂಕದ 6.7%, ಗ್ರಾಂ ಹಿಮೋಗ್ಲೋಬಿನ್‌ಗೆ 3.35 ಮಿಲಿಗ್ರಾಂ ಕಬ್ಬಿಣ ಅಂತ ಹಿಡಿದು, ತಿಂದ ಕಬ್ಬಿಣದಲ್ಲಿ ಎಷ್ಟು ರಕ್ತಕ್ಕೆ ಸೇರಿತು ಅಂತ ಲೆಕ್ಕ ಹಾಕಿ. ಹಾಗೆ ನೋಡಿದರೂ ಸೊಪ್ಪು ಫೆರಸ್ ಸಲ್ಫೇಟ್‌ಗಿಂತ ಹಿಂದೆಯೇ. ಎಲೆಯ ಫೈಟೇಟ್, ಪಾಲಿಫಿನಾಲ್ ಎಂಬ ಅಂಶಗಳು ಮೈ ಕಬ್ಬಿಣ ಹೀರಿಕೊಳ್ಳದಂತೆ ಅಡ್ಡಿ ಮಾಡುತ್ತಿವೆ ಅಂತ ನನ್ನ ಅನುಮಾನ.

ಅದಕ್ಕೇ ಉಳಿದ ನಾಲ್ಕಾರು ಇಲಿಗಳಿಗೆ, ಕಬ್ಬಿಣ ಹೀರಲು ನೆರವಾಗುವ ವಿಟಮಿನ್ ಸಿ ಇರುವ ನೆಲ್ಲಿಕಾಯಿ ಪುಡಿ ಸೇರಿಸಿ ನೋಡಿದೆ. ಏರಿಕೆ ಸ್ವಲ್ಪ ಚುರುಕಾಯಿತು. ಗುಂಪು ಚಿಕ್ಕದು, ಈಗಲೇ ಏನೂ ಹೇಳಲಾರೆ. ಯಕೃತ್ತುಗಳು ಡೀಪ್ ಫ್ರೀಜರ್‌ನಲ್ಲಿವೆ. ಅವುಗಳಲ್ಲಿ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ನೋಡೋಕೆ ಇಲಿಯದ್ದೇ ಕಿಟ್ ಬೇಕು, ಮನುಷ್ಯರದ್ದು ನಡೆಯಲ್ಲ. ಅದಕ್ಕೆ ಮುಂದಿನ ಕಂತಿನ ಹಣ ಬರಬೇಕು.